ಇಬ್ರಾಹಿಂಪುರದ ಮನೆಯ ಆಯೇರಿ

ಫ್ಯಾನು ನಿಂತಿದೆ, ಗಾಳಿಯಿಲ್ಲ, ಕಳಸದ ವೀಳ್ಯದೆಲೆ ಬಾಡುತ್ತಿದೆ, ಗಟ್ಟಿಯಾಗಿ ಹಿಡಿ ವಿಜಯಲಕ್ಷ್ಮೀ, ತಮ್ಮನ ಮದುವೆಯ ಕಳಸ ಇದು, ಬಂದ ಉಡುಗೊರೆಗಳ ಆಯೇರಿ ಓದಿ ಮುಗಿಯುವ ತನಕ ಕಳಸಗಿತ್ತಿ ಕೂತಲ್ಲಿಂದ ಏಳಬಾರದು, ಕಳಸ ನೆಲಕ್ಕಿಡಬಾರದು, ಅಕ್ಷತೆ ಬಿದ್ದರೂ ಸರಿ, ಜನ ಊಟಕ್ಕೆ ಕೂತರೂ ಸರಿ. ಪಕ್ಕದಲ್ಲಿ ಚೇತನಕುಮಾರ ಬಾಸಿಂಗದ ಕೆಳಗೆ ಬೆವರುತ್ತ ಅಕ್ಕಾ ನೀರ ತರಸ್ಲೇನ ಅನ್ನುತ್ತಾನೆ, ಬ್ಯಾಡಪ್ಪ ಅನ್ನುತ್ತೇನೆ, ನನಗೆ ಬೇಕಾದದ್ದು ನೀರಲ್ಲ, ಒಂದು ಚೀಟಿ, ಅಗೋ ಅಲ್ಲಿ, ಹೊರಸಿನ ಮೇಲೆ ಒಟ್ಟಿದ ಸೀರೆ ಧೋತರಗಳ ರಾಶಿಯಲ್ಲಿ, ಮೇಲಿನಿಂದ ಆರನೆಯದೋ ಏಳನೆಯದೋ, ಇಳಕಲ್ ಸೀರೆಗೆ ಟಾಚಣಿ ಚುಚ್ಚಿ ಸಿಕ್ಕಿಸಿದ್ದು, ನನ್ನದೇ ದುಂಡಗಿನ ಅಕ್ಷರ. ಮೈಕಿನ ಮುಂದೆ ಶಂಕ್ರೆಪ್ಪ ಕಾಕಾ. ನಮ್ಮ ಬಿಜ್ಜರಗಿಯವರ ಯಾವ ಮದುವೆಗಾದರೂ ಆಯೇರಿ ಓದುವವನು ಅವನೇ, ಬಬಲೇಶ್ವರದ ಈ ಮಂಗಲ ಕಾರ್ಯಾಲಯಕ್ಕೂ ಅವನನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿ ಕರೆತಂದಿದ್ದಾರೆ, ಕಾಕಾ ಬರೀ ಹೆಸರು ಓದುವುದಿಲ್ಲ, ಹೆಸರಿಗೆ ಬಳಗ ಕಟ್ಟುತ್ತಾನೆ, ಇವರು ಮಾಳು ಮಾವಾರು, ಮದುಮಗನ ಸ್ವಾದರಮಾವ, ತಂದದ್ದು ಒಂದು ಧೋತರ, ಇವರ ಹೊಟ್ಟಿ ಸುತ್ತಿ ಉಳದ್ರ ಮದುಮಗಗ, ಜನ ನಗುತ್ತಾರೆ, ಮಾಳು ಮಾವನೂ ನಗುತ್ತಾನೆ. ಬಳಗ ತಿಳಿಯದಿದ್ದರೆ ಮಾತ್ರ ಕಾಕಾ ಮುಂದಕ್ಕೆ ಹೋಗುವುದಿಲ್ಲ, ಚೀಟಿ ಎತ್ತಿ ಹಿಡಿದು ಮೈಕಿನಲ್ಲೇ ಕೇಳುತ್ತಾನೆ, ಇವರು ಯಾರ್ರಿ, ಏನಾಗಬೇಕು? ಗೊತ್ತಿದ್ದವರು ಎದ್ದು ಹೇಳಬೇಕು. ಹೇಳುವ ತನಕ ಕಾಕಾ ಕಾಯುತ್ತಾನೆ. ಅವನಿಗೆ ಅವಸರವಿಲ್ಲ.

ಯಾಕೆ ಬರೆದೆ, ಯಾಕೆ ಬರೆದೆ. ನಮ್ಮಲ್ಲಿ ಆಯೇರಿ ಮಾಡುವುದು ಮನೆ, ಮನುಷ್ಯರಲ್ಲ, ಮದುವೆಯಾಗದ ಮಗಳಿಗೆ ಮನೆಯೆಂಬುದಿಲ್ಲ, ಅವಳ ಹೆಸರು ಅವ್ವನ ಚೀಟಿಯ ಮಡಿಕೆಯಲ್ಲಿ ಇರುತ್ತದೆ, ನಾನೂ ಇಷ್ಟು ವರ್ಷ ಅವ್ವ ಗೌರಾಬಾಯಿಯ ಚೀಟಿಯಲ್ಲಿ ಮಡಚಿಕೊಂಡೇ ಇದ್ದೆ, ಆದರೆ ಮೊನ್ನೆ ಸೀರೆ ಕಟ್ಟುವಾಗ ಅನ್ನಿಸಿತು, ನನಗೂ ಒಂದು ಮನೆಯಿದೆಯಲ್ಲ, ಇಬ್ರಾಹಿಂಪುರದಲ್ಲಿ, ರೈಲು ಹೋದಾಗ ದೇವರ ಜಗುಲಿಯ ಗಂಟೆ ತಾನೇ ಸಣ್ಣಗೆ ಅಲುಗುವ ಮನೆ, ಕೆಳಗೆ ಲಾಡಲೇಸಾಬರು, ಮೇಲೆ ನಾನು ಮತ್ತು ಕಾವ್ಯಾ, ಎಂಟು ವರ್ಷ. ಓಣಿಯವರು ಏನೇನೋ ಅಂದಾಗ ಲಾಡಲೇಸಾಬರ ಹೆಂಡತಿ ಅಬೇದಾ ನಲ್ಲಿಯ ಹತ್ತಿರ ನಿಂತು ಹೇಳಿದ್ದು ನನಗೆ ಮೇಲೆ ಕೇಳಿಸಿತ್ತು, ನೀರ ಬಿಟ್ಟಾಗ ಅವರನ್ನ ಎಬ್ಬಸೂದು ನನ್ನ ಕೆಲಸ, ಅವರ ಮನ್ಯಾಗ ಹಣಿಕಿ ಹಾಕೂದು ಯಾರ ಕೆಲಸ ಬೇ? ಕೋರ್ಟು ನಮ್ಮಂಥವರ ಪ್ರೀತಿ ಅಪರಾಧವಲ್ಲ ಅಂದ ದಿನ ಆ ಪೇಪರನ್ನು ಮಡಚಿ ಜಗುಲಿಯ ಮೇಲೆ ವಿಭೂತಿ ಬಟ್ಟಲಿನ ಕೆಳಗಿಟ್ಟಿದ್ದೆ, ಐದು ವರ್ಷದ ಮೇಲೆ ನಿಮ್ಮ ಮದುವೆ ನಮ್ಮ ಕೈಯಲ್ಲಿಲ್ಲ ಅಂದಿತು, ಆಗಲೂ ತೆಗೆಯಲಿಲ್ಲ, ಅಲ್ಲೇ ಇದೆ, ದಿನಾ ದೀಪ ಹಚ್ಚುತ್ತೇವೆ. ಅದೇ ಧೈರ್ಯವೋ, ಅದೇ ಸೊಕ್ಕೋ, ಶಿವನೇ ಬಲ್ಲ. ಇಬ್ರಾಹಿಂಪುರದ ಮನೆಯಿಂದ, ವಿಜಯಲಕ್ಷ್ಮೀ, ಕಾವ್ಯಾ. ಬರೆದೇಬಿಟ್ಟೆ. ಕಾವ್ಯಾ ಮೊದಲೇ ಹೇಳಿದ್ದಳು, ನನ್ನ ಹೆಸರ ಬರೀಬ್ಯಾಡ್ರಿ ಅಕ್ಕೋರ — ನಾನು ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರು, ಮಕ್ಕಳ ರಕ್ತ ಪರೀಕ್ಷೆಗೆ ಅವಳು ಲ್ಯಾಬಿನಿಂದ ಬಂದ ದಿನ ಎಲ್ಲರ ಹಾಗೆ ಅಕ್ಕೋರ ಅಂದಳು, ಇವತ್ತಿಗೂ ಚಾಷ್ಟಿಗೆ ಹಾಗೇ ಅನ್ನುತ್ತಾಳೆ — ನನಗ ಮನಿ ಸಾಕು, ಮೈಕ್ ಬ್ಯಾಡ. ನಾನು ಹೂಂ ಅಂದೆ. ಹೂಂ ಅಂದು ಬರೆದೆ. ನನ್ನ ಧೈರ್ಯಕ್ಕೆ ಅವಳ ಹೆಸರನ್ನು ಕೇಳದೆ ತೆಗೆದುಕೊಂಡೆ, ಕಳವಿಗೂ ಇದಕ್ಕೂ ಏನು ಅಂತರ ದೇವರೇ.

ಊಟದ ಎರಡನೆಯ ಸಾಲಿಗೆ ಈಗ ಬಕೀಟು ಬಂತು. ಹುಗ್ಗಿಯ ಬಕೀಟು. ಹಿಡಿದವನು ಸಂಗನಬಸವ, ಕಾವ್ಯಾಳ ಅಣ್ಣ, ಟಿಕೋಟಾದವನು, ಹೆಣ್ಣಿನ ಕಡೆಯವರಿಗೆ ಎಲ್ಲೋ ಬಳಗವಂತೆ, ಅವನು ಬರುತ್ತಾನೆಂದು ನನಗೆ ಗೊತ್ತಿರಲಿಲ್ಲ, ಫೋಟೋದಲ್ಲಷ್ಟೇ ನೋಡಿದ್ದೆ, ನನ್ನ ಮುಖ ಅವನಿಗೆ ಗೊತ್ತಿಲ್ಲ, ಕಳಸ ಹಿಡಿದು ಕೂತ ಮೇಲೆ ಕಣ್ಣೆತ್ತಿದರೆ ಎದುರಿಗೇ ಇದ್ದ, ಅಂಗಿಯ ತೋಳು ಮಡಚಿಕೊಂಡು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ನನ್ನ ಹಣೆಯ ಮೇಲಿನದೇ ವಿಭೂತಿ, ಎಷ್ಟು ನಯವಾಗಿ ಬಡಿಸುತ್ತಾನೆ, ಇನ್ನೊಂದೀಟ ಹಾಕಸ್ಕೋರಿ ಆಯಿ, ಹಲ್ಲಿಲ್ಲದಾವರಿಗೇ ಮಾಡಸೇವಿ ಇದನ್ನ, ಮುದುಕಿ ನಗುತ್ತ ಎಲೆಗೆ ಕೈ ಅಡ್ಡ ಹಿಡಿಯುತ್ತಾಳೆ. ಅದೇ ಕೈ ಮೂರು ವರ್ಷದ ಹಿಂದೆ ಕಾವ್ಯಾಳನ್ನು ಒಣದ್ರಾಕ್ಷಿಯ ಖೋಲಿಗೆ ನೂಕಿ ಕೀಲಿ ಹಾಕಿತ್ತು, ಹನ್ನೊಂದು ದಿನ, ಪಕ್ಕದಲ್ಲಿ ದ್ರಾಕ್ಷಿಗೆ ಗಂಧಕದ ಹೊಗೆ ಕೊಡುತ್ತಿದ್ದರಂತೆ, ಅವನು ಮಾಲು ಮಾರಲು ಊರು ಬಿಟ್ಟ ದಿನ ಅವಳ ಅವ್ವ ಕೀಲಿ ತೆಗೆದಳು, ಮನೆಗೆ ಬಂದವಳ ತಲೆಗೆ ಮೂರು ಸಲ ಸೀಗೆಪುಡಿ ಹಾಕಿ ತೊಳೆದೆ, ಗಂಧಕ ಹೋಗಲಿಲ್ಲ, ಈಗಲೂ ಶಿರಾ ಮಾಡಿದರೆ ದ್ರಾಕ್ಷಿ ಹಾಕುವುದಿಲ್ಲ ನಾವು. ಅವಳು ಲ್ಯಾಬಿನ ಹುಡುಗಿಯರ ಜೊತೆ ಹಾಸ್ಟೆಲಿನಲ್ಲಿದ್ದಾಳೆಂದು ಅವನು ನಂಬಿದ್ದಾನೆ. ನಂಬಿಸಿದ್ದೇವೆ. ಅವಳು ತಪ್ಪಿಸಿಕೊಂಡು ಬಂದ ಮೇಲೆ ಫೋನಿನಲ್ಲಿ ಅವನ ದನಿ ಏರಿರಲೂ ಇಲ್ಲ, ಮತ್ತ ಆ ಅಕ್ಕೋರ ಜೋಡಿ ಇದ್ದೀ ಅಂತ ತಿಳೀತಂದ್ರ, ಈ ಸಲ ಕೀಲಿ ತಗ್ಯಾಂವ ಅಲ್ಲ ನಾ ತಂಗಿ. ತಂಗಿ ಅಂದ. ಪ್ರೀತಿಯಿಂದಲೇ ಅಂದ. ನಾನು ಆ ಚೀಟಿಯಲ್ಲಿ ಅವನಿಗೆ ನನ್ನ ಹೆಸರು, ಅವಳ ಹೆಸರು, ಓಣಿಯ ಹೆಸರು ಮೂರೂ ಬರೆದುಕೊಟ್ಟಿದ್ದೇನೆ. ಹಾಡೇಹಗಲು, ಮೈಕಿನಲ್ಲಿ.

ಇಲ್ಲ, ಈಗ ಅವನ ಕೈಯಲ್ಲಿ ಬಕೀಟು ಇದೆ. ಒಂದು ಕೈಯಲ್ಲಿ ಬಕೀಟು, ಇನ್ನೊಂದರಲ್ಲಿ ಸೌಟು. ಬಕೀಟು ಹಿಡಿದಿರುವ ತನಕ ಆ ಕೈಗಳಿಗೆ ಬೇರೆ ಕೆಲಸವಿಲ್ಲ. ಕಾವ್ಯಾ ಹೆಂಗಸರ ಮೂರನೆಯ ಸಾಲಿನಲ್ಲಿ ಗೋಡೆಗೆ ಆತು ಕೂತಿದ್ದಾಳೆ, ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡು, ಎಲೆಯನ್ನೇ ನೋಡುತ್ತ, ಅವನನ್ನು ನೋಡಿಲ್ಲವೇನೋ, ನೋಡಿದ್ದರೆ ಎದ್ದು ಹೋಗುತ್ತಿದ್ದಳಲ್ಲ, ಕೂಗಲೇ, ಕೂಗಿದರೆ ಅವನೇ ಮೊದಲು ತಿರುಗುತ್ತಾನೆ. ಕಾಕಾ ಹೆಬ್ಬೆರಳಿಗೆ ಎಂಜಲು ಹಚ್ಚಿ ಇನ್ನೊಂದು ಚೀಟಿ ಬಿಡಿಸಿದ, ಸೈಫುದ್ದೀನ ಸಾಹೇಬರು, ಮದುಮಗನ ದೋಸ್ತ, ಬಳಗಕ್ಕಿಂತ ಹೆಚ್ಚು ಬರ್ಕೋರಿ, ಇನ್ನೆಷ್ಟು ಉಳಿದವು, ನಾಲ್ಕೋ, ಮೂರೋ. ಅಜ್ಜಿ ಹೇಳುತ್ತಿದ್ದಳು, ನಮ್ಮೂರ ಕುರಿ ಮೇಯುವ ಅಡವಿಯಲ್ಲಿ ಜೋಡವ್ವ ಅಂತ ಎರಡು ಕಲ್ಲುಗಳಿವೆ, ಒಂದೇ ಕೊಡದ ನೀರು ಕುಡಿಯುತ್ತೇವೆಂದು ಹಟ ಹಿಡಿದ ಇಬ್ಬರು ಹೆಂಗಸರು ಕಲ್ಲಾಗಿ ನಿಂತರಂತೆ, ನಾನು ಸಣ್ಣವಳು ಕೇಳಿದೆ, ಆಯಿ ಅವರಿಬ್ರೂ ಒಬ್ಬರಿಗೊಬ್ಬರು ಏನಾಗಬೇಕು? ಅಜ್ಜಿ ತಂಬಿಗೆ ನನ್ನ ಕೈಗೆ ಕೊಟ್ಟಳು, ದೇವರಿಗೆ ಹಂಗ ಕೇಳಬಾರದವ್ವ, ನೀರ ಹಾಕಬೇಕು. ಜೋಡವ್ವ, ತಾಯಿ, ಚೀಟಿಯ ಟಾಚಣಿ ಕಳಚಿ ಬೀಳಲಿ, ಕರೆಂಟು ಹೋಗಲಿ, ಕಾಕಾನ ಚಷ್ಮಾ ಮಸುಕಾಗಲಿ. ಕರೆಂಟು ಹೋಗಿಯೇ ಇದೆ, ಫ್ಯಾನಿನದು ಮಾತ್ರ, ಮೈಕು ಬ್ಯಾಟರಿಯ ಮೇಲೆ ನಡೆಯುತ್ತಿದೆ. ಬಕೀಟು ಮೂರನೆಯ ಸಾಲಿಗೆ ತಿರುಗಿತು.

ಇಳಕಲ್ ಸೀರೆ ಕಾಕಾನ ಕೈಗೆ ಬಂತು. ಟಾಚಣಿ ಕಿತ್ತ, ಬಾಯಲ್ಲಿ ಕಚ್ಚಿಕೊಂಡ, ಓದುವ ಮೊದಲೇ ತುಟಿ ಅಲ್ಲಾಡುತ್ತಿದೆ, ಟಾಚಣಿ ತೆಗೆದ, ಇಬ್ರಾಹಿಂಪುರದ ಮನಿಯಿಂದ, ನಮ್ಮ ವಿಜಯಲಕ್ಷ್ಮೀ, ಮದುಮಗನ ಅಕ್ಕ, ಇಲ್ಲೇ ಕಳಸ ಹಿಡದಾಳ ನೋಡ್ರಿ, ಮತ್ತ... ಕಾವ್ಯಾ. ನಿಂತ. ಬಕೀಟೂ ನಿಂತಿತು. ಅವ್ವ ನೀರಿನ ಲೋಟವನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡಿದ್ದಾಳೆ, ಕುಡಿಯುತ್ತಿಲ್ಲ, ಚೇತನ ನನ್ನ ಮುಖ ನೋಡುತ್ತಿದ್ದಾನೆ, ಕಾಕಾ ಚೀಟಿ ಎತ್ತಿ ಹಿಡಿದ, ಯಾವ ಕೇಡೂ ಇಲ್ಲದ ದನಿ, ಎಲ್ಲರಿಗೂ ಕೇಳಿದ ಹಾಗೆಯೇ ಕೇಳಿದ. ಈ ಕಾವ್ಯಾ ಯಾರವ್ವ, ಏನಾಗಬೇಕು? ಬಾಯಿ ತೆರೆಯುತ್ತೇನೆ, ಗೆಳತಿ ಅನ್ನಲೇ, ಯಾರೋ ಅನ್ನಲೇ, ತಪ್ಪಿ ಬಂದ ಹೆಸರು ಕಾಕಾ ಮುಂದಿನದು ಓದು ಅನ್ನಲೇ, ಕಳಸ ಮಡಿಲಲ್ಲಿರುವಾಗ ಸುಳ್ಳಾಡಿದರೆ ಆಡಲಿ, ನನಗೆ ತಗುಲಲಿ, ಅಷ್ಟರಲ್ಲಿ ಗೋಡೆಯ ಹತ್ತಿರ ಬಳೆಯ ಸಪ್ಪಳ, ಅವಳು ಎದ್ದು ನಿಂತಿದ್ದಾಳೆ, ಸೆರಗು ತಲೆಯ ಮೇಲಿಲ್ಲ, ಬೆರಳಿಗಿನ್ನೂ ಅನ್ನ ಅಂಟಿದೆ, ನಾನರಿ ಕಾಕಾರ. ಅಕ್ಕೋರ ಜೋಡಿ ಒಂದ ಮನ್ಯಾಗ ಇರತೇನ್ರಿ. ಎಂಟ ವರ್ಷಾತು. ಕಾಕಾನನ್ನು ನೋಡಿ ಹೇಳುತ್ತಿಲ್ಲ, ನನ್ನನ್ನೂ ನೋಡುತ್ತಿಲ್ಲ, ಎದುರಿಗೆ ನಾಲ್ಕು ಎಲೆಗಳಾಚೆ ನಿಂತವನನ್ನು ನೋಡುತ್ತಿದ್ದಾಳೆ, ಮೊದಲಿನಿಂದಲೂ ಅವಳು ಅವನನ್ನು ಕಂಡಿದ್ದಳು, ಕಂಡೂ ಉಣ್ಣುತ್ತ ಕೂತಿದ್ದಳು. ಮೈಕು ಗುಂಯ್ ಅನ್ನುತ್ತಿದೆ. ಯಾರಾದರೂ ಏನಾದರೂ ಅನ್ನಿರಿ. ಅವನು ಬಕೀಟನ್ನು ಕೆಳಗಿಡುತ್ತಿದ್ದಾನೆ, ಮೆಲ್ಲಗೆ, ಒಂದು ಹನಿಯೂ ಚೆಲ್ಲದ ಹಾಗೆ, ಸೌಟನ್ನು ಅದರೊಳಗೇ ನಿಲ್ಲಿಸಿದ, ಬೆರಳನ್ನು ಧೋತರಕ್ಕೆ ಒರೆಸಿಕೊಂಡ, ಬಕೀಟು ನೆಲದ ಮೇಲಿದೆ, ಕೈ ಖಾಲಿ, ಎರಡೂ ಕೈ ಖಾಲಿ, ಬಕೀಟು ನೆಲದ ಮೇಲೆ, ಅವನ ಎರಡೂ ಕೈ