ಸೂಜಿ ಯಾಕೆ ದೂರ ಮಲಗಿದಳು

ನಮ್ಮ ಹೊಲಿಗೆ ಕೋಣೆಯಲ್ಲಿ ಯಾವ ಗುಟ್ಟೂ ಮಧ್ಯಾಹ್ನದ ಬಿಡುವಿನವರೆಗೆ ಬದುಕಿದ್ದಿಲ್ಲ. ಯಾರ ಮನೆಯ ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂಬುದು ಆ ಹಾಲಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಅಂಥ ನನ್ನ ಪಕ್ಕದ ಮೆಷಿನ್ನಿನಲ್ಲೇ ಕೂತು ಸೂಜಿ ತಿಂಗಳುಗಟ್ಟಲೆ ಒಂದು ಗುಟ್ಟನ್ನು ಬಚ್ಚಿಟ್ಟಿದ್ದಳು!

ಸೂಜಿ ನಮ್ಮ ಪಕ್ಕದ ಮನೆಯವಳು. ಮೈ ಸಣ್ಣ, ನಾಲಿಗೆ ಚೂಪು. ಹೆಸರು ತಾನಾಗಿಯೇ ಅಂಟಿಕೊಂಡಿತು. ಬಿಳಿ ಕೋಟು ಹೊಲಿಯುವುದರಲ್ಲಿ ಅವಳಿಗೆ ಮೂರು ಲೋಕದಲ್ಲಿ ಸಮನಿಲ್ಲ, ನನ್ನೊಬ್ಬಳನ್ನು ಬಿಟ್ಟರೆ. ಅಂಥವಳು ಇದ್ದಕ್ಕಿದ್ದಂತೆ, "ಬಿಳೀದು ನೀವೇ ಇಟ್ಕೊಳ್ಳಿ" ಎಂದು ಕಪ್ಪು ಪ್ಯಾಂಟುಗಳ ರಾಶಿಯನ್ನು ತನ್ನತ್ತ ಎಳೆದುಕೊಂಡಳು. ನೆಲಕ್ಕೆ ಬಿದ್ದ ಚೂರು ಬಟ್ಟೆಗಳನ್ನು ಚೀಲಕ್ಕೆ ತುಂಬಿ ಮನೆಗೆ ಒಯ್ಯತೊಡಗಿದಳು. ದಿಂಬಿಗೆ ಇರಬೇಕು ಎಂದುಕೊಂಡೆ. ಅಷ್ಟು ಚೂರಿಗೆ ಆನೆಗೊಂದು ಹಾಸಿಗೆಯೇ ಆಗುತ್ತಿತ್ತು.

ಅವಳ ಗಂಡ ಲಾರಿ ಡ್ರೈವರು. ಅವನು ಮನೆಗೆ ಬಂದ ದಿನ ಗಂಡ ಹೆಂಡತಿ ಮೆಟ್ಟಿಲ ಮೇಲೆ ಭುಜ ತಾಗಿಸಿ ಕೂತು ನಗುತ್ತಿದ್ದರೆ ಬೀದಿಯ ಹೆಂಚುಗಳೆಲ್ಲ ಸಡಿಲವಾಗುತ್ತಿದ್ದವು. ಈ ಸಲ ಅವನೊಬ್ಬನೇ ಕೂತಿದ್ದ.

"ಅಕ್ಕಾ, ಒಂದು ಮಾತು ಕೇಳ್ಲಾ? ಅವಳಿಗೆ ನಾನು ಬೇಡವಾದ್ನಾ?"

"ಯಾಕಪ್ಪಾ ಹಾಗಂತೀಯ?"

"ನಾನು ಬಂದಾಗೆಲ್ಲ ನಮ್ಮಮ್ಮನ ಪಕ್ಕ ಹೋಗಿ ಮಲಗ್ತಾಳೆ. ಕೇಳಿದ್ರೆ ಸೊಂಟನೋವು ಅಂತಾಳೆ. ನಾಳೆ ದೂರದ ಲೋಡು ಒಪ್ಕೊಂಡಿದೀನಿ. ರಸ್ತೆನಾದ್ರೂ ನನ್ನ ಜೊತೆ ಇರುತ್ತೆ."

ಮರುದಿನ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಅವಳ ಮೆಷಿನ್ನಿನ ಪೆಡಲಿನ ಮೇಲೆ ಕಾಲಿಟ್ಟು ನಿಂತೆ. ನನ್ನ ಕಾಲು ಬಿದ್ದ ಮೇಲೆ ಮೆಷಿನ್ನಿರಲಿ, ರೈಲೂ ಕದಲದು.

"ಏನೇ ಸೂಜಿ, ಗಂಡನ ಮೇಲೆ ಕೋಪಾನಾ?"

"ಕೋಪಾನಾ ಅಕ್ಕಾ?" ಅವಳ ಕಣ್ಣು ತುಂಬಿತು. "ಅವರ ಅಂಗಿ ಮಡಚೋ ಮೊದ್ಲು ಮುಖಕ್ಕೆ ಒತ್ಕೋತೀನಿ. ಆಚೆ ಕೋಣೇಲಿ ಅವರು ಕೆಮ್ಮಿದ್ರೆ ಎದ್ದು ಹೋಗೋಣ ಅನ್ಸುತ್ತೆ. ಆದ್ರೆ ಸೇರಿದಾಗೆಲ್ಲ ರಕ್ತ ಬರುತ್ತೆ. ಮುಟ್ಟು ಮುಗಿದ ಮೇಲೂ ನಡುನಡುವೆ ಕಲೆ. ನಮ್ಮ ಚಿಕ್ಕಮ್ಮನಿಗೂ ಹೀಗೇ ಆಗಿ, ತೋರ್ಸಿದ್ರೆ ಕ್ಯಾನ್ಸರ್ ಅಂದ್ರು. ಉಳೀಲಿಲ್ಲ. ಗೊತ್ತಾಗದಿದ್ರೇ ವಾಸಿ."

"ಅವರು ಹೋಗಿದ್ದು ತೋರ್ಸಿದ್ದಕ್ಕಲ್ಲ ಕಣೇ, ತಡವಾಗಿ ತೋರ್ಸಿದ್ದಕ್ಕೆ. ಬಿಳಿ ಕೋಟು ಬಿಟ್ಟಿದ್ದು, ಆ ಚೂರು ಬಟ್ಟೆ ಒಯ್ದಿದ್ದು ಇದಕ್ಕೇನಾ? ಧೂಳು, ಎಣ್ಣೆ ಕುಡಿದ ಬಟ್ಟೆ ಅದು! ಮೆಷಿನ್ ಒರೆಸೋಕೂ ನಾನು ಮುಟ್ಟಲ್ಲ."

"ನಿಮಗೇನು, ಹೇಳ್ತೀರಿ. ಅಲ್ಲಿ ಹೋಗಿ ಮಲಗೋಳು ನಾನು. ಗರ್ಭಕೋಶಾನೇ ತೆಗೆದು ಬಿಸಾಕ್ತಾರೆ."

"ಮೆಷಿನ್ ಕಟಕಟ ಅಂದ್ರೆ ಬಿಚ್ಚಿ ನೋಡ್ದೆ ಮೆಷಿನ್ನೇ ಬಿಸಾಕ್ತೀಯಾ? ನಡಿ, ಮೊದ್ಲು ತೋರ್ಸೋಣ."

ಆಸ್ಪತ್ರೆಯಲ್ಲಿ ಅವಳು ನನ್ನ ಕೈ ಹಿಂಡಿದ ರಭಸಕ್ಕೆ ಮೂಳೆಗಳೆಲ್ಲ ಹಿಟ್ಟಾದವು. ಡಾಕ್ಟರಮ್ಮ ಮುಟ್ಟಿನ ವಿಷಯವೆಲ್ಲ ಕೇಳಿದರು. ಬಸಿರಿಲ್ಲವೆಂದು ಖಚಿತ ಮಾಡಿಕೊಂಡರು. ಆಮೇಲೆ ಉಪಕರಣವೊಂದನ್ನಿಟ್ಟು ಒಳಗೆ ನೋಡಿದರು.

"ನೋಡಮ್ಮ, ಗರ್ಭಕೋಶದ ಬಾಯಲ್ಲಿ ಪುಟ್ಟದೊಂದು ಮಾಂಸದ ಬೆಳವಣಿಗೆ ಇದೆ. ತೊಟ್ಟಿನಿಂದ ಜೋತುಬಿದ್ದಿದೆ. ಪಾಲಿಪ್ ಅಂತೀವಿ. ತಾಗಿದ್ರೆ ರಕ್ತ ಬರುತ್ತೆ. ಸಾಮಾನ್ಯವಾಗಿ ಇದು ಕ್ಯಾನ್ಸರ್ ಆಗಿರಲ್ಲ."

"ಸಾಮಾನ್ಯವಾಗಿ ಅಂದ್ರೆ?" ಸೂಜಿ ಮಲಗಿದಲ್ಲಿಂದಲೇ ಚುಚ್ಚಿದಳು.

"ಅದಕ್ಕೇ ತೆಗೆದು ಲ್ಯಾಬಿಗೆ ಕಳಿಸ್ತೀವಿ. ಗರ್ಭಕೋಶದ ಬಾಯಿಯ ಪರೀಕ್ಷೆನೂ ಮಾಡ್ತೀವಿ. ಊಹೆ ನಿಮಗೂ ಬೇಡ, ನನಗೂ ಬೇಡ."

"ಗರ್ಭಕೋಶ?"

"ಅದು ಅದರ ಜಾಗದಲ್ಲೇ ಇರುತ್ತಮ್ಮ."

ಚಿಮಟದಂಥ ಉಪಕರಣದಿಂದ ಹಿಡಿದು ಮೆಲ್ಲಗೆ ತಿರುಚಿ ತೆಗೆದರು. ಕೆಲವೇ ನಿಮಿಷದ ಕೆಲಸ. ಸೂಜಿಗೆ ಕಿಬ್ಬೊಟ್ಟೆ ಸ್ವಲ್ಪ ಹಿಡಿದಂತಾಯಿತಂತೆ. ಆಸ್ಪತ್ರೆ ನಡುಗುವಂತೆ ಕಿರುಚಿದ್ದು ನಾನು. ದೊಡ್ಡದಿದ್ದರೆ ಅರಿವಳಿಕೆ ಬೇಕಾಗುತ್ತದೆ, ಇವಳಿಗೆ ಬೇಕಾಗಲಿಲ್ಲ.

"ಕೆಲವು ದಿನ ಸ್ವಲ್ಪ ಕಲೆ ಕಾಣಬಹುದು. ನಾನು ಹೇಳೋವರೆಗೆ ಗಂಡ ಹೆಂಡತಿ ಸೇರೋದು ಬೇಡ. ರಕ್ತ ಜಾಸ್ತಿ ಹೋದ್ರೆ, ಜ್ವರ ಬಂದ್ರೆ, ಕೆಟ್ಟ ವಾಸನೆ ಬಂದ್ರೆ ತಕ್ಷಣ ಬನ್ನಿ" ಎಂದರು ಡಾಕ್ಟರಮ್ಮ.

ವರದಿ ಬರುವುದರೊಳಗೆ ಒಂದು ಯುಗವೇ ಉರುಳಿತು. ಬಂತು, ಕ್ಯಾನ್ಸರ್ ಇರಲಿಲ್ಲ. ಆಸ್ಪತ್ರೆಯ ಗೇಟು ದಾಟುವ ಮೊದಲೇ ಸೂಜಿ ಗಂಡನಿಗೆ ಫೋನು ಮಾಡಿದಳು.

"ಕೋಪ ಇರ್ಲಿಲ್ಲ ರೀ. ಭಯ ಇತ್ತು." ಎಲ್ಲವನ್ನೂ ಹೇಳಿದಳು. ಆ ಕಡೆ ಅವನು ಲಾರಿಯನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿದ.

"ಒಂದು ಮಾತು ಹೇಳಿದ್ರೆ ಲಾರಿ ಬಿಟ್ಟು ಓಡಿ ಬರ್ತಿದ್ನಲ್ಲೇ" ಎಂದನಂತೆ.

"ಈಗ ಎಲ್ಲಿದೀರಿ?"

"ತುಂಬಾ ದೂರ."

"ಮೆಲ್ಲಗೆ ಓಡಿಸ್ಕೊಂಡು ಬನ್ನಿ. ಕಾಯ್ತಿರ್ತೀನಿ."

ಮಾತು ಮುಗಿದ ಮೇಲೂ ಅವಳು ಫೋನನ್ನು ಕಿವಿಗೆ ಒತ್ತಿಕೊಂಡೇ ನಡೆದಳು. ಲೋಕದ ಗುಟ್ಟನ್ನೆಲ್ಲ ಕೆದಕುವ ನಾನು ಆಗ ಮಾತ್ರ ಬೇಕೆಂದೇ ನಾಲ್ಕು ಹೆಜ್ಜೆ ಹಿಂದೆ ಉಳಿದೆ.

ಅಕ್ಕತಂಗಿಯರೇ, ನಾನು ಮಾತನ್ನು ಎಳೆದು ಉದ್ದ ಮಾಡುವವಳೆಂದು ಬೀದಿಗೆಲ್ಲ ಗೊತ್ತು. ಇದನ್ನು ಮಾತ್ರ ಇದ್ದದ್ದು ಇದ್ದಂತೆ ಹೇಳುತ್ತಿದ್ದೇನೆ. ಮುಟ್ಟಿನ ನಡುವೆ, ಸೇರಿದ ಮೇಲೆ, ಇಲ್ಲವೇ ಮುಟ್ಟು ಪೂರ್ತಿ ನಿಂತ ಮೇಲೆ ರಕ್ತ ಕಂಡರೆ ವೈದ್ಯರಿಗೆ ತೋರಿಸಿ. ಎಂದಿನಂತಿಲ್ಲದ ಸ್ರಾವವಿದ್ದರೂ ತೋರಿಸಿ. ಪಾಲಿಪ್ ಇರಬಹುದು, ಬೇರೆಯದೂ ಇರಬಹುದು. ನೋಡದೆ ಯಾರೂ ಹೇಳಲಾರರು. ಕೆಲವರಿಗೆ ಯಾವ ಸೂಚನೆಯೂ ಇರುವುದಿಲ್ಲ, ಆದ್ದರಿಂದ ಗರ್ಭಕೋಶದ ಬಾಯಿಯ ತಪಾಸಣೆಗೆ ಕರೆದಾಗ ತಪ್ಪಿಸಿಕೊಳ್ಳಬೇಡಿ. ಒಬ್ಬರಿಗೊಬ್ಬರು ಹಂಬಲಿಸುವ ಇಬ್ಬರು ಒಂದೇ ಮನೆಯಲ್ಲಿ ಗೋಡೆಯ ಆಚೆ ಈಚೆ ನಿದ್ದೆಗೆಡುವುದು ಬೇಡ. ಜೊತೆಗೆ ಬರುವವರು ಯಾರೂ ಇಲ್ಲವೇ? ಪಕ್ಕದ ಮನೆಯ ಬಾಗಿಲು ತಟ್ಟಿ. ಇವತ್ತೇ ತಟ್ಟಿ.