ಮನೆಮುಖ

ಬೇಸಿಗೆ ಕೊನೆಯ ದಿನಗಳು, ಬೆಳಗಿನ ತಂಪು ಹೊತ್ತು. ಸೊಸೆ ಆಗಲೇ ಅಟ್ಟಣೆ ಏರಿ ಹಡಗಿನ ಮೈ ಸವರುತ್ತಿದ್ದಳು. ಮಾವನ ಕಣ್ಣು ಪೂರ್ತಿ ಮಂಜಾದ ಮೇಲೆ ಅವಳೇ ಮುಂದೆ ನಿಂತು ಕಟ್ಟಿದ ಮೊದಲ ಹಡಗು ಅದು.

ಹಡಗು ಕಟ್ಟುವ ಆ ಅಂಗಳದಲ್ಲೊಂದು ಕಟ್ಟಳೆ. ಹಡಗು ಕಟ್ಟಿದವರೇ ಅದರ ಮೊದಲ ಪ್ರಯಾಣಕ್ಕೆ ಹೋಗಬೇಕು. ಗಟ್ಟಿಯಿದ್ದರೆ ಮರಳಿ ಬರುತ್ತಾರೆ, ಇಲ್ಲದಿದ್ದರೆ ಮಾಡಿದ್ದುಣ್ಣೋ ಮಹಾರಾಯ. ಈ ಸಲ ಹೋಗಬೇಕಾದವಳು ಸೊಸೆ. ಮಾವ ಹೂಂ ಅನ್ನದೆ ಹಡಗು ನೀರಿಗಿಳಿಯುವಂತಿರಲಿಲ್ಲ.

ಹಡಗಿನ ಮೈ ಹೊಟ್ಟೆಯ ಹತ್ತಿರ ಹೊರಕ್ಕೆ ಉಬ್ಬಿ, ಮೇಲೆ ಹೋದಂತೆ ಮತ್ತೆ ಒಳಕ್ಕೆ ವಾಲುತ್ತದೆ. ಆ ಬಾಗಿಗೆ ಅವರೆಲ್ಲ ‘ಮನೆಮುಖ’ ಅನ್ನುತ್ತಿದ್ದರು. ಯಾಕೆ ಆ ಹೆಸರು ಎಂದು ಸೊಸೆ ಮದುವೆಯಾಗಿ ಬಂದ ವರ್ಷವೇ ಕೇಳಿದ್ದಳು. “ಮೊದಲು ಬಗ್ಗಿಸೋದು ಕಲಿ, ಆಮೇಲೆ ಹೇಳ್ತೀನಿ” ಅಂದಿದ್ದರು ಮಾವ.

ಗಂಡ ಅಪ್ಪನ ಕೈಹಿಡಿದು ಏಣಿ ಹತ್ತಿಸಿದ. “ಮೆಲ್ಲಗೆ ಅಪ್ಪಾ. ಬಿದ್ದರೆ ನಿಮ್ಮನ್ನೂ ಇವಳೇ ರಿಪೇರಿ ಮಾಡಬೇಕು.”

“ನಿನ್ನ ಬಾಯಿಗೊಂದು ಬೆಣೆ ಹೊಡ್ಕೋ.”

ಮಾವ ಹಡಗಿನ ಹೊಟ್ಟೆಗೆ ಕೆನ್ನೆಯಿಟ್ಟು ಒಂದು ಕೈಯನ್ನು ನೆಟ್ಟಗೆ ಮೇಲೆತ್ತಿದರು. ಎತ್ತಿದ ಕೈಗೂ ಮೇಲಿನ ಹಲಗೆಗೂ ನಡುವೆ ಇನ್ನೊಂದು ಕೈಯ ಮುಷ್ಟಿ ಹಿಡಿಯಬೇಕು. ಹಡಗಿನ ಎಡಗಡೆ ಹಿಡಿಯಿತು. ಬಲಗಡೆ ಮುಷ್ಟಿ ಹಿಡಿಯದೆ ಬೆರಳಗೆಣ್ಣು ಹಲಗೆಗೆ ತಗುಲಿತು.

“ಇದನ್ನ ಯಾವಾಗ ಬಗ್ಗಿಸಿದ್ದು?”

“ಸಂಜೆ ಮಾವ. ಒಲೆ ಉರಿ ಇಳೀತಿತ್ತು, ಹಲಗೆಗೆ ಕೊಟ್ಟ ಹಬೆ ಸಾಕು ಅಂದ್ಕೊಂಡೆ.”

“ಅರ್ಧ ಬೆಂದ ಹಲಗೆ ಕಣಮ್ಮಾ. ಕಣ್ಣೆದುರಿಗೆ ಬಗ್ಗಿದ ಹಾಗೆ ನಟಿಸ್ತದೆ. ನೀನು ಆ ಕಡೆ ತಿರುಗಿದ್ದೇ ತಡ, ಎದೆ ಸೆಟೆಸ್ತದೆ.”

ಸೊಸೆ ಹಲಗೆ ಬಿಚ್ಚಿದಳು. ಈ ಬಾರಿ ಬೆಂಕಿಯ ಎದುರಿನಿಂದ ಏಳಲಿಲ್ಲ. ಹಬೆಗೆ ಮೆತ್ತಗಾದ ಮರ ಕೈಗೆ ಒದ್ದೆ ಚರ್ಮದಂತೆ ಮಣಿಯಿತು. ಹಲಗೆ ಒಣಗಿ ಕೂತ ಮೇಲೆ ಮಾವ ಮತ್ತೆ ಏಣಿ ಹತ್ತಿದರು. ಮುಷ್ಟಿ ಸಲೀಸಾಗಿ ಕೂತಿತು. ಅದನ್ನು ಅಲ್ಲೇ ಇಟ್ಟುಕೊಂಡು ಹೇಳಿದರು:

“ನಮ್ಮ ಮುತ್ತಜ್ಜ ಮೊದಲು ಕಟ್ಟಿದ ಹಡಗು ಗೋಡೆ ಹಾಗೆ ನೆಟ್ಟಗಿತ್ತಂತೆ. ಅಲೆಗೆ ಪಕ್ಕದ ಹಡಗು ಬಂದು ಒತ್ತಿದಾಗ, ಮೇಲೆ ನಿಂತಿದ್ದ ಅವನ ತಮ್ಮನ ಕೈ ಎರಡರ ನಡುವೆ ಸಿಕ್ಕಿ ಜಜ್ಜಿ ಹೋಯ್ತು. ಮುಂದಿನ ಹಡಗಿಗೆ ಮುತ್ತಜ್ಜ ಮೈಯನ್ನ ಒಳಕ್ಕೆ ಬಗ್ಗಿಸಿದ. ಹೊಟ್ಟೆಗೆ ಹೊಟ್ಟೆ ತಾಗಿದ್ರೂ ಮೇಲಿರೋರ ಕೈಗೆ ಜಾಗ. ತಮ್ಮ ಉಳಿದೊಂದು ಕೈಯಲ್ಲಿ ಅದನ್ನ ಸವರಿ, ‘ಹೊಟ್ಟೆ ಕಡಲಿಗೆ ಕೊಟ್ಟು ಮುಖ ಮನೆ ಕಡೆ ತಿರುಗಿಸಿದೀಯಲ್ಲೋ ಅಣ್ಣಾ’ ಅಂದನಂತೆ.”

ಸೊಸೆ ಕೆಳಗಿಳಿದು ತಲೆಯೆತ್ತಿ ನೋಡಿದಳು. ದಿನಾ ನೋಡಿದ ಹಡಗೇ. ಆದರೆ ಈಗ ಅಷ್ಟೂ ಹಲಗೆಗಳು, ಮುಂತುದಿಯಿಂದ ಹಿಂತುದಿಯವರೆಗೆ, ಯಾರೋ ಕರೆದರೆಂದು ಒಟ್ಟಿಗೆ ಹೊರಳಿದಂತಿದ್ದವು. ತಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಹೋದ ಒಂದು ಕೈಗಾಗಿ ಅವಳು ಮರ ಬಗ್ಗಿಸಿದ್ದಳು.

“ಹೋಗಲಾ ಮಾವ?”

“ಮುಷ್ಟಿ ಹಿಡೀತಲ್ಲ. ಹೋಗಿ ಬಾ.”

ಹಡಗು ನೀರಿಗಿಳಿಯಿತು. ಸೊಸೆ ಅದರಲ್ಲಿ ಹೊರಟಳು.