ಭಾನುವಾರದ ಏಳು

"ಭಾನುವಾರ ಮಾತ್ರೆ ಕೊಡೋದು ತಪ್ಪಿಸ್ತೀರೇನ್ ಸಾರ್?"

ಫೋನಿನಲ್ಲಿ ನರ್ಸ್ ರೂಪಶ್ರೀಯ ದನಿ ಮೆತ್ತಗಿತ್ತು. ಹಾಗೆ ಮೆತ್ತಗಿದ್ದದ್ದೇ ಅಂಜನ್ ಕುಮಾರನನ್ನು ಚುಚ್ಚಿತು.

"ಇಲ್ಲ. ಹೊತ್ತಿಗೆ ಸರಿಯಾಗಿ ಕೊಡ್ತೀನಿ. ಯಾಕ?"

"ಆ್ಯಪಿನಾಗೆ ನೋಡ್ರಿ. ವಾರದ ದಿನ ಹಗಲು ಮೇಡಂ ನೋವು ಎರಡು, ಮೂರು ಐತೆ. ನೀವು ಮನ್ಯಾಗಿದ್ದಾಗ ಏಳು, ಎಂಟು."

ಹರಿಹರದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅವನೊಬ್ಬನೇ ಇದ್ದ. ಸಂಖ್ಯಾಶಾಸ್ತ್ರದ ಅಧ್ಯಾಪಕ. ಎರಡು ಸಂಗತಿಗಳು ಜೊತೆಯಾಗಿ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂದು ಬೆಳಿಗ್ಗೆಯಷ್ಟೇ ಪಾಠ ಮಾಡಿದ್ದ.

ಹೆಂಡತಿ ಶೋಭಾರಾಣಿಯ ಕ್ಯಾನ್ಸರಿಗೆ ಇನ್ನು ಚಿಕಿತ್ಸೆಯಿಲ್ಲ, ನೋವು ತಡೆಯುವುದಷ್ಟೇ ಎಂದು ವೈದ್ಯರು ಮನೆಗೆ ಕಳಿಸಿ ಎರಡು ತಿಂಗಳಾಗಿತ್ತು. ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಕೊಟ್ಟು ಅವಳು ತನ್ನ ಫೋನಿನಲ್ಲಿ ಒತ್ತಬೇಕು. ಅದು ನರ್ಸಿಗೂ ಅವನಿಗೂ ಕಾಣುತ್ತದೆ. ಅದನ್ನು ನೋಡಿ ಮಾರ್ಫಿನ್ ಏರಿಸುತ್ತಾರೆ, ಇಳಿಸುತ್ತಾರೆ. ಹಗಲು ನೋಡಿಕೊಳ್ಳಲು ನಂದಿಗುಡಿಯಿಂದ ಅವಳ ಅಕ್ಕ ಸರ್ವಮಂಗಳಮ್ಮ ಬಂದಿದ್ದಳು; ಭಾನುವಾರ ಮಾತ್ರ ಊರಿಗೆ ಹೋಗುತ್ತಿದ್ದಳು.

ಅವಳದೇ ಕೆಲಸವಿರಬೇಕು. ತಾನು ಚೆನ್ನಾಗಿ ನೋಡಿಕೊಳ್ಳುತ್ತೇನೆಂದು ತೋರಿಸಲು ತಂಗಿಯ ಫೋನಿನಲ್ಲಿ ತಾನೇ ಎರಡು ಒತ್ತುತ್ತಿರಬೇಕು. ಈ ಆಲೋಚನೆ ಅವನಿಗೆ ಹಿತವಾಗಿತ್ತು. ಅರ್ಧ ದಿನದ ರಜೆ ಬರೆದುಕೊಟ್ಟು ದಾವಣಗೆರೆಯ ಬಸ್ಸು ಹತ್ತಿದ.

ಎಸ್.ಎಸ್. ಬಡಾವಣೆಯ ಮನೆಯ ಗೇಟಿನಲ್ಲಿ ನಿಂತ. ಒಳಗಿನಿಂದ ನಗು. ಶೋಭಾಳದೇ. ಕಾಯಿಲೆಗೆ ಮೊದಲಾದರೂ ಆ ನಗುವನ್ನು ಎಷ್ಟು ಸಲ ಕೇಳಿದ್ದ? ಫೋನು ತೆಗೆದು ನೋಡಿದ. ಎರಡು. ಹತ್ತು ನಿಮಿಷದ ಹಿಂದೆ ಒತ್ತಿದ್ದು.

ಚಪ್ಪಲಿ ಬಿಡುವ ಸದ್ದಿಗೆ ನಗು ನಿಂತಿತು.

"ಯಾಕ್ರಿ, ಇಷ್ಟು ಬೇಗ?" ಸರ್ವಮಂಗಳಮ್ಮ ಸೆರಗು ಸರಿಮಾಡಿಕೊಳ್ಳುತ್ತ ಎದ್ದಳು.

"ಕ್ಲಾಸ್ ಇರ್ಲಿಲ್ಲ. ಏನು ನಗ್ತಿದ್ರಿ?"

"ಏನಿಲ್ಲ ಬಿಡ್ರಿ. ಚಾ ಇಡ್ತೀನಿ."

ಅವಳು ಅಡುಗೆಮನೆಗೆ ಹೋದಳು. ಶೋಭಾ ದಿಂಬಿನ ಪಕ್ಕದ ಫೋನಿಗೆ ಕೈ ಚಾಚಿದಳು. ಅವನ ಜೇಬು ನಡುಗಿತು. ಏಳು.

"ಈಗಷ್ಟೇ ಎರಡಿತ್ತು."

"ಹೌದಾ?"

"ಯಾವುದು ಸುಳ್ಳು?"

ಅವಳು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ಎರಡು. ಏಳು ಅಂದ್ರೆ ಅಕ್ಕ ಅಳ್ತಾ ಕೂಡ್ತಾಳ್ರಿ."

"ನನ್ನ ಮುಂದೆ?"

"ನೀವು ಅಳಲ್ಲ."

ಅದು ನಂಬಿಕೆಯೋ ದೂರೋ? ಅವಳ ಮುಖದಲ್ಲಿ ಹುಡುಕಿದ. ಸಿಗಲಿಲ್ಲ.

"ನರ್ಸಿಗೆ ಹೇಳ್ತೀನಿ, ದಿನಾ ಏಳೇ ಅಂತ."

"ಬ್ಯಾಡ. ಅಕ್ಕಗೆ ಗೊತ್ತಾದ್ರೆ ನಗೋದೂ ನಿಲ್ತೈತೆ."

ನೋವು ಏರಿದಾಗ ಕೊಡಬೇಕಾದ ಮಾತ್ರೆ ಬಿಡಿಸಿ ಕೊಟ್ಟ. ನುಂಗಿ ಗೋಡೆಯ ಕಡೆ ತಿರುಗಿದಳು.

ಹಾಲಿನ ನೆಪ ಹೇಳಿ ರಸ್ತೆಗೆ ಬಂದು ರೂಪಶ್ರೀಯ ನಂಬರು ತೆಗೆದ. ಹೇಳಿದರೆ ನೋವು ಇಳಿಯಬಹುದು, ನಗು ನಿಲ್ಲಬಹುದು. ಹೇಳದಿದ್ದರೆ? ಅದು ಶೋಭಾಳ ಮೇಲಿನ ಕನಿಕರವೋ, ನಿಜದ ಅಂಕಿ ತನ್ನೊಬ್ಬನ ಬಳಿಯೇ ಇರಲೆಂಬ ಆಸೆಯೋ? ಕಣ್ಣು ಬಿಗಿಯಾಗಿ ಮುಚ್ಚಿ ತೆರೆದ. ಒಣಗಿಯೇ ಇದ್ದವು.

ಮಹಡಿಯೆತ್ತರ ಮಂಡಕ್ಕಿ ಚೀಲ ಹೇರಿಕೊಂಡ ಟೆಂಪೋ ಒಂದು ತಿರುವಿನಲ್ಲಿ ಬಂತು. ಮೇಲಿನ ಚೀಲ ಹರಿದಿತ್ತು. ಮಂಡಕ್ಕಿ ಗಾಳಿಗೆ ಹಾರಿ ಅವನ ತಲೆ, ಹೆಗಲು, ಫೋನು ಹಿಡಿದ ಅಂಗೈಯ ಮೇಲೆಲ್ಲ ಬಿತ್ತು. ಕೂಗಿ ಹೇಳಲು ಬಾಯಿ ತೆರೆದ. ಟೆಂಪೋ ನಿಲ್ಲದೆ ಹೋಯಿತು. ರೂಪಶ್ರೀಯ ನಂಬರು ಇನ್ನೂ ಒತ್ತದೆ ಹಾಗೇ ಇತ್ತು. ಮೈಮೇಲೆ ಬಿದ್ದದ್ದಕ್ಕೆ ತೂಕವೇ ಇರಲಿಲ್ಲ.